ಹಳೇ ಕಂಟೇನರ್ ಕೊಳ್ಳುವ ಮುಂಚೆ: ಬೈಕಂಪಾಡಿಯಲ್ಲಿ ನೋಡಿದ್ದು, ಅಳೆದದ್ದು, ಬೇಡ ಅಂದದ್ದು

ತೋಟದ ಸಾಮಾನು ಇಡಲು 20 ಅಡಿಯ ಹಳೇ ಶಿಪ್ಪಿಂಗ್ ಕಂಟೇನರ್ ಒಂದನ್ನು ಕೊಂಡು, ಉಪ್ಪಿನಂಗಡಿ ಹತ್ತಿರದ ನಮ್ಮ ಜಾಗದಲ್ಲಿ ಕೂರಿಸಿ ಆಯ್ತು. ಒಂದು ಮಳೆಗಾಲ ಅದರ ಮೇಲೆ ಸುರಿದೂ ಆಯ್ತು. ಕೊಳ್ಳಬೇಕು ಅಂತಿರುವ ಬೇರೆಯವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಯಾರ್ಡಿನಲ್ಲಿ ಏನು ನೋಡಿದೆ, ಏನು ಅಳೆದೆ, ಯಾವುದನ್ನು ಬೇಡ ಅಂದೆ, ಎಷ್ಟು ಖರ್ಚಾಯ್ತು, ಎಲ್ಲ ಕ್ರಮವಾಗಿ ಇದೆ.

ನನಗೆ ಬೇಕಾಗಿದ್ದದ್ದು ಒಂದು ಗಟ್ಟಿ ಕೋಣೆ. ಅಡಿಕೆ ಸುಲಿಯುವ ಮೆಷಿನ್, ಪಂಪು, ಪವರ್ ಸ್ಪ್ರೇಯರ್, ಮೈಲುತುತ್ತಿನ ಚೀಲ, ಪೈಪು, ಹತ್ಯಾರು – ಇವನ್ನು ಮಳೆ, ಇಲಿ, ಕಳ್ಳರಿಂದ ಕಾಪಾಡಬೇಕಿತ್ತು. ಕೆಂಪುಕಲ್ಲಿನ ಕೋಣೆಗೆ ಮೇಸ್ತ್ರಿ ಹೇಳಿದ ಮೊತ್ತ ಮೂರು ಲಕ್ಷ ದಾಟಿತ್ತು. ಕಂಟೇನರ್ ಅದರ ಅರ್ಧಕ್ಕೆ ಆಗುತ್ತದೆ ಅಂತ ಲೆಕ್ಕ ಹಾಕಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಾರುವವರು ಕಳಿಸುವ ಫೋಟೋದಲ್ಲಿ ಗೋಡೆ ಕಾಣುತ್ತದೆ, ಬಾಗಿಲು ಕಾಣುತ್ತದೆ. ಕಂಟೇನರ್ ಕೆಡುವುದು ಮಾತ್ರ ಅಡಿಯಲ್ಲಿ ಮತ್ತು ಚಾವಣಿಯಲ್ಲಿ. ಆ ಎರಡು ಜಾಗದ ಫೋಟೋ ನನಗೆ ಯಾರೂ ಕಳಿಸಲಿಲ್ಲ. ಹಾಗಾಗಿ ಖುದ್ದು ಹೋಗಬೇಕು. ಅಡಿಯಲ್ಲಿ ಮಲಗಿ ನೋಡಬೇಕು, ಏಣಿ ಹಾಕಿ ಹತ್ತಿ ನೋಡಬೇಕು.

1. ಹೊರಡುವ ಮುಂಚೆ (ಏಪ್ರಿಲ್ ಮೊದಲ ವಾರ)

ಮಂಗಳೂರಿನ ಪಣಂಬೂರು ಬಂದರಿನ ಪಕ್ಕ, ಬೈಕಂಪಾಡಿ ಕಡೆ ಹಳೇ ಕಂಟೇನರ್ ಮಾರುವವರಿದ್ದಾರೆ. ಫೋನಿನಲ್ಲಿ ಕೇಳಿದ್ದು ಮೂರೇ ಪ್ರಶ್ನೆ: ಯಾವ ವರ್ಷದ್ದು, ಯಾವ ಗ್ರೇಡು, ಕಾಗದ ಏನೇನು ಕೊಡ್ತೀರಿ.

ಗ್ರೇಡಿನ ಮಾತು ಸ್ವಲ್ಪ ತಿಳಿದಿರಲಿ. ‘ಒನ್ ಟ್ರಿಪ್’ ಅಂದರೆ ಒಂದೇ ಸಲ ಸರಕು ಹೊತ್ತು ಬಂದದ್ದು, ಹೆಚ್ಚುಕಮ್ಮಿ ಹೊಸದು. ‘ಕಾರ್ಗೋ ವರ್ದಿ’ ಅಂದರೆ ಇನ್ನೂ ಹಡಗಿಗೆ ಏರಿಸಬಹುದಾದದ್ದು. ‘ವಿಂಡ್ ಅಂಡ್ ವಾಟರ್ ಟೈಟ್’ ಅಂದರೆ ಹಡಗಿಗೆ ಆಗದಿದ್ದರೂ ಗಾಳಿ ನೀರು ಒಳಗೆ ಬರದ್ದು. ಗೋದಾಮಿಗೆ ಇದು ಸಾಕು. ‘ಆ್ಯಸ್ ಈಸ್’ ಅಂದರೆ ಹೇಗಿದೆಯೋ ಹಾಗೆ, ಆಮೇಲೆ ಕೇಳುವ ಹಾಗಿಲ್ಲ. ಬಾಯಲ್ಲಿ ಹೇಳುವ ಗ್ರೇಡಿಗೆ ಬೆಲೆ ಇಲ್ಲ. ಬಿಲ್ಲಿನಲ್ಲಿ ಬರೆದುಕೊಡ್ತೀರಾ ಅಂತ ಕೇಳಿ, ಉತ್ತರದಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಒಬ್ಬರು ವಾಟ್ಸಾಪಿನಲ್ಲಿ ಫೋಟೋ ಕಳಿಸಿ, 10,000 ಅಡ್ವಾನ್ಸ್ ಹಾಕಿದರೆ ಇಟ್ಟುಕೊಳ್ತೇವೆ ಅಂದರು. ಬಾಗಿಲ ಮೇಲಿನ ಪ್ಲೇಟಿನ ಫೋಟೋ ಕೇಳಿದೆ. ಬರಲಿಲ್ಲ. ಅಲ್ಲಿಗೆ ಬಿಟ್ಟೆ.

ಜೊತೆಗೆ ನಮ್ಮೂರಿನ ವೆಲ್ಡರನ್ನು ಕರೆದುಕೊಂಡು ಹೋದೆ. ಅವರ ಒಂದು ದಿನದ ಸಂಬಳ 1,500 ರೂಪಾಯಿ. ಇಡೀ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ. ಚೀಲಕ್ಕೆ ಹಾಕಿಕೊಂಡದ್ದು: 5 ಮೀಟರಿನ ಟೇಪು, ಸಣ್ಣ ಸುತ್ತಿಗೆ, ಉದ್ದದ ಸ್ಕ್ರೂಡ್ರೈವರ್, ಹಳೇ ಸ್ಪೀಕರಿನಿಂದ ತೆಗೆದ ಮ್ಯಾಗ್ನೆಟ್ಟು, ಟಾರ್ಚು, ರಸಮಟ್ಟ, ಸೀಮೆಸುಣ್ಣ, ಹಳೇ ಪೇಪರು, ಕೈಗವಸು, ನೆಲಕ್ಕೆ ಹಾಸಲು ಒಂದು ತುಂಡು ಟಾರ್ಪಾಲು. ಏಣಿ ಯಾರ್ಡಿನಲ್ಲಿ ಇದೆಯಾ ಅಂತ ಮೊದಲೇ ಕೇಳಿಕೊಂಡಿದ್ದೆ.

ಬೆಳಿಗ್ಗೆ ಬೇಗ ಹೋಗಿ. ಮಂಗಳೂರಿನ ಏಪ್ರಿಲ್ ಬಿಸಿಲಿಗೆ ಹತ್ತು ಗಂಟೆ ದಾಟಿದರೆ ಕಬ್ಬಿಣದ ಪೆಟ್ಟಿಗೆಯ ಒಳಗೆ ನಿಲ್ಲಲು ಆಗುವುದಿಲ್ಲ. ನಾವು ಹೋದ ಹಿಂದಿನ ರಾತ್ರಿ ಗುಡುಗು ಮಳೆ ಬಂದಿತ್ತು. ಅದರಿಂದ ನಮಗೆ ತುಂಬಾ ಅನುಕೂಲ ಆಯ್ತು, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

2. ನಂಬರು, ಪ್ಲೇಟು

ಮೊದಲು ಬಾಗಿಲ ಎದುರು ನಿಂತು ಓದಬೇಕು. ಪ್ರತಿ ಕಂಟೇನರಿಗೂ ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗೆ ಇನ್ನೊಂದು ಅಂಕಿ ಇರುತ್ತದೆ. ಸರಕಿನ ಕಂಟೇನರಾದರೆ ನಾಲ್ಕನೇ ಅಕ್ಷರ ಯು. ಚೌಕದ ಅಂಕಿ ಉಳಿದ ಹತ್ತರಿಂದ ಲೆಕ್ಕ ಹಾಕಿ ಬರುವಂಥದ್ದು. ಮೊಬೈಲಿನಲ್ಲೇ ತಾಳೆ ನೋಡಬಹುದು. ಯಾವುದಾದರೂ ಅಕ್ಷರ, ಅಂಕಿ ತಿದ್ದಿ ಬಣ್ಣ ಹೊಡೆದಿದ್ದರೆ ಹೆಚ್ಚಾಗಿ ಲೆಕ್ಕ ಕೂಡುವುದಿಲ್ಲ. ಇದೇ ನಂಬರು ಬಾಗಿಲಲ್ಲದೆ ಬದಿಯ ಗೋಡೆ, ಚಾವಣಿ, ಒಳಗೋಡೆಯಲ್ಲೂ ಇರುತ್ತದೆ. ಎಲ್ಲ ಒಂದೇನಾ ನೋಡಿ.

ನಂಬರಿನ ಕೆಳಗೆ 22ಜಿ1 ಅಂತ ಇದ್ದರೆ ಅದು 20 ಅಡಿಯ ಸಾದಾ ಕಂಟೇನರು. 45ಜಿ1 ಅಂದರೆ 40 ಅಡಿಯ ಎತ್ತರದ್ದು. 20 ಅಡಿಯದರ ಹೊರ ಅಳತೆ 6,058 ಮಿ.ಮೀ. ಉದ್ದ, 2,438 ಅಗಲ, 2,591 ಎತ್ತರ. ಒಳಗೆ ಸಿಗುವುದು ಹತ್ತಿರಹತ್ತಿರ 5.9 ಮೀ. ಉದ್ದ, 2.35 ಅಗಲ, 2.39 ಎತ್ತರ. ಬಾಗಿಲ ತೆರಪು ಇನ್ನೂ ಸ್ವಲ್ಪ ಕಮ್ಮಿ, ಎತ್ತರ ಸುಮಾರು 2.28 ಮೀಟರ್. ದೊಡ್ಡ ಮೆಷಿನ್ ಒಳಗೆ ಹೋಗಬೇಕು ಅಂತಿದ್ದರೆ ಈ ಬಾಗಿಲ ಅಳತೆಯೇ ಮುಖ್ಯ. ಸುಲಿಯುವ ಮೆಷಿನನ್ನು ಅಳೆದುಕೊಂಡೇ ಹೋಗಿದ್ದೆ.

ಬಾಗಿಲಿನ ಮೇಲೆ ರಿವೆಟ್ ಹೊಡೆದ ಲೋಹದ ಪ್ಲೇಟು ಇರುತ್ತದೆ, ಸಿಎಸ್‌ಸಿ ಪ್ಲೇಟು. ಕಂಟೇನರುಗಳ ಸುರಕ್ಷತೆಗೆ 1972ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹಾಕುವಂಥದ್ದು. ತಯಾರಾದ ತಿಂಗಳು–ವರ್ಷ, ಒಟ್ಟು ಎಷ್ಟು ತೂಕ ಹೊರಬಹುದು, ಮೇಲೆ ಎಷ್ಟು ಪೇರಿಸಬಹುದು, ಎಲ್ಲ ಅದರಲ್ಲಿ ಇದೆ. ವರ್ಷ ತಿಳಿಯಲು ಇದನ್ನೇ ನಂಬಬೇಕು, ಮಾರುವವರ ಬಾಯಿಮಾತನ್ನಲ್ಲ. ನಾವು ನೋಡಿದ ಒಂದನ್ನು ‘ಹತ್ತು ವರ್ಷದ್ದು’ ಅಂದಿದ್ದರು. ಪ್ಲೇಟಿನಲ್ಲಿ 2006 ಅಂತ ಇತ್ತು. ಪ್ಲೇಟೇ ಕಿತ್ತುಹೋಗಿದ್ದರೆ ಅದರ ಹುಟ್ಟು ಗೊತ್ತಾಗುವುದಿಲ್ಲ. ನಾನಾದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತೇನೆ.

ಅದೇ ಪ್ಲೇಟಿನಲ್ಲೋ ಪಕ್ಕದಲ್ಲೋ ನೆಲದ ಹಲಗೆಗೆ ಯಾವ ಕೀಟನಾಶಕ ಹಾಕಿದ್ದಾರೆ ಅನ್ನುವ ಸಾಲೂ ಇರುತ್ತದೆ. ಅದರ ಫೋಟೋ ತೆಗೆದುಕೊಳ್ಳಿ.

3. ಹೊಸ ನೀಲಿ ಬಣ್ಣದ್ದು

ಯಾರ್ಡಿನವರು ಮೊದಲು ತೋರಿಸಿದ್ದು ಹೊಸದಾಗಿ ನೀಲಿ ಹೊಡೆದ ಪೆಟ್ಟಿಗೆ. ಕೇಳಿದ ಬೆಲೆ 1,45,000. ನೋಡಲು ಲಕ್ಷಣವಾಗಿತ್ತು. ಒಂದೂ ಗೀರಿಲ್ಲ, ಒಂದೂ ತಗ್ಗಿಲ್ಲ.

ಮ್ಯಾಗ್ನೆಟ್ಟನ್ನು ಗೋಡೆಯ ಕೆಳ ಅಂಚಿನಲ್ಲಿ ಹಿಡಿದು ಎಳೆಯುತ್ತಾ ಹೋದೆ. ಗೋಡೆ ಮತ್ತು ನೆಲ ಸೇರುವಲ್ಲಿ ಉದ್ದಕ್ಕೂ ಒಂದು ಉಕ್ಕಿನ ರೈಲು ಇರುತ್ತದೆ. ನೀರು ನಿಂತು ಮೊದಲು ತಿನ್ನುವುದು ಅದನ್ನೇ. ಹಿಂದಿನ ಮೂಲೆಯಿಂದ ಮೂರಡಿ ದೂರದಲ್ಲಿ ಮ್ಯಾಗ್ನೆಟ್ಟು ಹಿಡಿತ ಬಿಟ್ಟು ಕೈಗೆ ಬಂತು. ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದರೆ ಅತ್ತಿತ್ತ ‘ಠಣ್’, ಅಲ್ಲಿ ಮಾತ್ರ ‘ದಬ್’. ವೆಲ್ಡರ್ ಸ್ಕ್ರೂಡ್ರೈವರಿನ ತುದಿಯಿಂದ ಕೆರೆದರು. ನೀಲಿ ಬಣ್ಣದಡಿ ಬೂದು ಬಣ್ಣದ ಪುಟ್ಟಿ. ಕಾರಿನ ಡೆಂಟಿಗೆ ತುಂಬುವ ಅದೇ ಪುಟ್ಟಿ, ಅಂಗೈಯಷ್ಟು ಅಗಲ.

ಆಮೇಲೆ ಟಾರ್ಪಾಲು ಹಾಸಿ ಅಡಿಗೆ ಹೋದೆವು. ಮರದ ಸ್ಲೀಪರ್ (ದಪ್ಪ ದಿಮ್ಮಿ) ಮೇಲೆ ಇಟ್ಟಿದ್ದರಿಂದ ತಲೆ ಹಾಕಿ ನೋಡುವಷ್ಟು ಜಾಗ ಇತ್ತು. ಹೈಡ್ರಾ (ಓಡಾಡುವ ಕ್ರೇನು) ಎತ್ತಿ ಹಿಡಿದಿರುವ ಕಂಟೇನರಿನ ಕೆಳಗೆ ಯಾವತ್ತೂ ಹೋಗಬೇಡಿ, ಎಷ್ಟೇ ಸಮಯ ಉಳಿತಾಯ ಆಗುತ್ತದೆ ಅಂದರೂ. ಅಡಿಯಲ್ಲಿ ಸುಮಾರು ಒಂದಡಿಗೊಂದರಂತೆ ಉಕ್ಕಿನ ಅಡ್ಡಪಟ್ಟಿಗಳಿರುತ್ತವೆ. ನೆಲದ ಹಲಗೆ ಕೂತಿರುವುದು ಅವುಗಳ ಮೇಲೆ. ಅಲ್ಲಿ ಬಣ್ಣ ಹೊಡೆದಿರಲಿಲ್ಲ. ಎರಡು ಪಟ್ಟಿಗಳಲ್ಲಿ ತುಕ್ಕು ಪದರ ಪದರವಾಗಿ ಎದ್ದಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ಸೀದಾ ಆಚೆ ಹೋಯ್ತು.

“ಇದು ಮುಗಿಯುವ ಕೆಲಸ ಅಲ್ಲ ಅಣ್ಣಾ” ಅಂದರು ವೆಲ್ಡರ್. “ಪಟ್ಟಿ ಬದಲಿಸಬೇಕಾದ್ರೆ ಮೇಲಿನ ಹಲಗೆ ಬಿಚ್ಚಬೇಕು. ಹಲಗೆ ಬಿಚ್ಚಿದ್ರೆ ಸ್ಕ್ರೂ ಒಂದೂ ವಾಪಸ್ ಕೂರುವುದಿಲ್ಲ.”

ಬಾಗಿಲ ಮುಖದ ಎರಡು ಕರ್ಣ ಅಳೆದೆವು. ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಒಂದು, ಅದರ ವಿರುದ್ಧ ಇನ್ನೊಂದು. ಹೊಸದಾದಾಗ ಎರಡರ ನಡುವೆ 10 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಇದರಲ್ಲಿ 22 ಬಂತು. ಪೆಟ್ಟಿಗೆ ಒಂದು ಕಡೆ ವಾಲಿತ್ತು.

15,000 ಕಮ್ಮಿ ಮಾಡ್ತೇವೆ ಅಂದರು. ಬೇಡ ಅಂದೆವು. ಗೋಡೆಯ ತೂತು ಮುಚ್ಚಬಹುದು, ಬಾಗಿಲ ರಬ್ಬರ್ ಬದಲಿಸಬಹುದು. ಅಡಿ ಹೋದರೆ ಆ ಪೆಟ್ಟಿಗೆ ಗುಜರಿಗೆ ಮಾತ್ರ. ಹೊಸ ಬಣ್ಣ ಕಂಡಾಗ ನನಗೀಗ ಬರುವ ಮೊದಲ ಪ್ರಶ್ನೆ: ಇದರಡಿ ಏನು ಮುಚ್ಚಿದ್ದಾರೆ?

4. ಮಾಸಿದ ಕಂದು ಬಣ್ಣದ್ದು, ಅಡಿಯಿಂದ ಶುರು

ಎರಡನೆಯದು ಹಿಂದಿನ ಸಾಲಿನಲ್ಲಿತ್ತು. ಮಾಸಿದ ಕಂದು, ಬದಿಯಲ್ಲಿ ತಗ್ಗು, ಅಲ್ಲಲ್ಲಿ ತುಕ್ಕಿನ ಕಲೆ. ಪ್ಲೇಟಿನಲ್ಲಿ 2009. ನಂಬರು ಎಲ್ಲ ಕಡೆ ಒಂದೇ, ಲೆಕ್ಕವೂ ಕೂಡಿತು. ಕೇಳಿದ ಬೆಲೆ 1,38,000.

ಈ ಸಲ ಅಡಿಯಿಂದಲೇ ಶುರು ಮಾಡಿದೆವು. ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಪ್ರತಿ ಪಟ್ಟಿಗೂ ಟಾರ್ಚು ಬಿಟ್ಟು, ಸ್ಕ್ರೂಡ್ರೈವರ್ ಒತ್ತಿ, ಬಡಿದು ನೋಡಿದೆವು. ತುಕ್ಕು ಇರಲಿಲ್ಲ ಅಂತಲ್ಲ, ಇತ್ತು. ಕಂಟೇನರಿನ ಉಕ್ಕು ಕಾರ್ಟೆನ್ ಸ್ಟೀಲ್, ಮೇಲೆ ಕೂತ ತೆಳು ತುಕ್ಕೇ ಒಳಗಿನ ಉಕ್ಕನ್ನು ಕಾಯುವಂಥದ್ದು. ಅದರ ಮೇಲೆ ತೆಳ್ಳಗೆ ಕೂತ ಕಂದು ತುಕ್ಕಿಗೆ ಹೆದರಬೇಕಿಲ್ಲ. ಉಗುರಿನಲ್ಲಿ ಕೆರೆದಾಗ ಪುಡಿ ಬಂದರೆ ಸರಿ. ಚಕ್ಕೆ ಎದ್ದು ಬಂದರೆ, ಚಕ್ಕೆಯಡಿ ಮತ್ತೊಂದು ಚಕ್ಕೆ ಇದ್ದರೆ ಬಿಟ್ಟುಬಿಡಿ. ಇದರಲ್ಲಿ ಎಲ್ಲ ಪುಡಿಯೇ.

ಫೋರ್ಕ್‌ಲಿಫ್ಟ್ ತೂರಿಸುವ ಎರಡು ತೆರಪು ಅಡಿಯಲ್ಲಿರುತ್ತದೆ. ಅದರೊಳಗೆ ಕೈ ಹಾಕಿ ನೋಡಬೇಕು. ಮಣ್ಣು ತುಂಬಿ, ಒದ್ದೆಯಾಗಿ, ಒಳಗಿಂದ ತಿನ್ನುತ್ತಾ ಇರುತ್ತದೆ. ಇದರಲ್ಲಿ ಒಂದು ತೆರಪಿನ ಅಂಚು ಫೋರ್ಕ್ ತಾಗಿ ಮಡಚಿತ್ತು, ಬಿರುಕು ಇರಲಿಲ್ಲ.

ಎಂಟು ಮೂಲೆಗಳ ದಪ್ಪ ಉಕ್ಕಿನ ಗಟ್ಟಿಗಳನ್ನು ಒಂದೊಂದಾಗಿ ನೋಡಿದೆವು. ಕಂಟೇನರಿನ ಪೂರ್ತಿ ಭಾರ ಇಳಿಯುವುದು ಅಲ್ಲಿ, ಎತ್ತುವುದೂ ಅಲ್ಲಿಂದ. ಗಟ್ಟಿ ಮತ್ತು ಕಂಬ ಸೇರುವ ವೆಲ್ಡಿಂಗಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬೇಡ ಅಂತ ವೆಲ್ಡರ್ ಮೊದಲೇ ಹೇಳಿದ್ದರು. ಎಂಟೂ ಸರಿ ಇದ್ದವು.

5. ಚಾವಣಿ

ರಾತ್ರಿ ಬಂದ ಮಳೆ ಇಲ್ಲಿ ಕೆಲಸಕ್ಕೆ ಬಂತು. ಏಣಿ ಹತ್ತಿ ನೋಡಿದರೆ ಎಡಮೂಲೆಯ ಹತ್ತಿರ ತಟ್ಟೆಯಗಲದ ತಗ್ಗಿನಲ್ಲಿ ನೀರು ನಿಂತಿತ್ತು. ಕ್ರೇನಿನ ಕೊಕ್ಕೆ ಮೂಲೆಗೆ ಸರಿಯಾಗಿ ಕೂರದೆ ಚಾವಣಿಗೆ ಬಡಿದಾಗ ಹೀಗೆ ತಗ್ಗು ಬೀಳುತ್ತದೆ. ಹೆಚ್ಚಿನ ಕಂಟೇನರುಗಳ ಚಾವಣಿ ಹೋಗುವುದು ಮೂಲೆಯ ಸುತ್ತ ಒಂದೆರಡು ಅಡಿಯಲ್ಲೇ.

ರಸಮಟ್ಟವನ್ನು ಅಡ್ಡ ಇಟ್ಟು ಟೇಪು ಇಳಿಸಿ ಅಳೆದರೆ ಆಳ 35 ಮಿ.ಮೀ. ನೀರು ಬಳಿದು ತೆಗೆದೆವು. ಬಣ್ಣ ಗುಳ್ಳೆ ಎದ್ದಿತ್ತು. ಕೆರೆದರೆ ಕೆಳಗೆ ಹೊಳೆಯುವ ಉಕ್ಕು. ಬಡಿದರೆ ಗಟ್ಟಿ ಸದ್ದು. ಚಾವಣಿ ತಗಡಿನ ದಪ್ಪ 2 ಮಿ.ಮೀ. ಮಾತ್ರ. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಇಂಥ ತಗ್ಗನ್ನು ಹಾಗೇ ಬಿಟ್ಟರೆ ನಾಲ್ಕೈದು ಮಳೆಗಾಲದಲ್ಲಿ ತೂತು ಖಂಡಿತ ಅಂದರು ವೆಲ್ಡರ್. ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಫೋಟೋ ತೆಗೆದು, ಬೆಲೆ ಮಾತಾಡುವಾಗ ಹೇಳುವ ಪಟ್ಟಿಗೆ ಸೇರಿಸಿದೆ.

ಹಳೇ ಚಾವಣಿಯ ಮೇಲೆ ಓಡಾಡಬೇಡಿ. ಹೊಸದಿದ್ದಾಗ 600×300 ಮಿ.ಮೀ. ಜಾಗದಲ್ಲಿ 300 ಕೆ.ಜಿ. ಇಟ್ಟು ಪರೀಕ್ಷೆ ಮಾಡಿರುತ್ತಾರೆ. ತುಕ್ಕು ಹಿಡಿದ ಮೇಲೆ ಆ ಲೆಕ್ಕ ನಡೆಯುವುದಿಲ್ಲ. ಏಣಿಯನ್ನು ನಾಲ್ಕೂ ಕಡೆ ಸರಿಸಿ ನೋಡಿದರೆ ಸಾಕು.

6. ಬಾಗಿಲು

ಮೊದಲು ತೆರೆಯುವುದು ಬಲಬಾಗಿಲು. ಅದರ ಅಂಚು ಎಡಬಾಗಿಲ ಮೇಲೆ ಕೂತಿರುತ್ತದೆ. ಯಾರ್ಡಿನವರು ತೆರೆಯುವುದು ಬೇಡ, ನೀವೇ ತೆರೆಯಿರಿ. ಅವರಿಗೆ ಯಾವ ಹಿಡಿಯನ್ನು ಎಲ್ಲಿ ಒದೆಯಬೇಕು ಅಂತ ಗೊತ್ತಿರುತ್ತದೆ. ನಮ್ಮ ಮನೆಯಲ್ಲಿ ಹೆಂಗಸರೂ ತೆರೆಯಬೇಕಲ್ವಾ. ನಾನು ಎಳೆದಾಗ ಬಲಬಾಗಿಲು ಸಲೀಸಾಗಿ ಬಂತು, ಎಡದ್ದು ಸ್ವಲ್ಪ ಹಟ ಮಾಡಿತು. ಎರಡೂ ಪೂರ್ತಿ ಹಿಂದಕ್ಕೆ ಮಡಚಿ ಗೋಡೆಗೆ ತಾಗಿದವು. ಉದ್ದದ ಸರಳು ಬಾಗಿಲ್ಲ, ಮೇಲೆ ಕೆಳಗೆ ಕೂರುವ ಕೊಕ್ಕೆಗಳು ಪೂರ್ತಿ ಕೂರುತ್ತವೆ. ಕರ್ಣದ ವ್ಯತ್ಯಾಸ 6 ಮಿ.ಮೀ.

ರಬ್ಬರನ್ನು ಬೆರಳಲ್ಲಿ ಹಿಡಿದು ಮಡಚಿ ನೋಡಬೇಕು. ಬಿಸಿಲಿಗೆ ಒಣಗಿದ್ದರೆ ಬಿರಿಯುತ್ತದೆ. ಇದರಲ್ಲಿ ಮೇಲೆ, ಬದಿಯಲ್ಲಿ ಮೆತ್ತಗೆ ಇತ್ತು. ಬಲಬಾಗಿಲ ಕೆಳಗಿನ ಮೂಲೆಯಲ್ಲಿ ಮಾತ್ರ ಒಂದು ಗೇಣು ಉದ್ದಕ್ಕೆ ಹರಿದಿತ್ತು.

7. ಒಳಗೆ, ಕತ್ತಲಲ್ಲಿ

ಬಾಗಿಲು ತೆರೆದ ತಕ್ಷಣ ಒಳಗೆ ನುಗ್ಗಬೇಡಿ. ಹುಳು ಸಾಯಲಿ ಅಂತ ಸರಕಿಗೆ ಹಾಕಿದ ವಿಷದ ಹೊಗೆ ಒಳಗೆ ಉಳಿದಿರಬಹುದು. ಎರಡೂ ಬಾಗಿಲು ತೆಗೆದಿಟ್ಟು ಅರ್ಧ ಗಂಟೆ ಬೇರೆ ಕೆಲಸ ನೋಡಿ.

ಬೆಳಕಿನ ಪರೀಕ್ಷೆಗೆ ನಾನು ಒಳಗೆ ಹೋದೆ, ವೆಲ್ಡರ್ ಹೊರಗೆ ನಿಂತು ಬಾಗಿಲು ಹಾಕಿದರು. ಹೊರಗೆ ನಂಬಿಕೆಯ ಜನ ಇಲ್ಲದೆ ಇದನ್ನು ಮಾಡಲೇಬೇಡಿ. ಒಳಗಿಂದ ತೆರೆಯಲು ಆಗುವುದಿಲ್ಲ. ಹಿಡಿಯನ್ನು ಕೊಕ್ಕೆಗೆ ಸಿಕ್ಕಿಸದೆ ಕೈಯಲ್ಲೇ ಹಿಡಿದುಕೊಂಡಿರಲು ಹೇಳಿದ್ದೆ. ಟಾರ್ಚು ಆರಿಸಿ ನಿಂತೆ. ಮೊದಲು ಏನೂ ಕಾಣಲಿಲ್ಲ. ಇಲ್ಲಿ ಅವಸರ ಮಾಡಿದರೆ ಪರೀಕ್ಷೆ ಮಾಡಿಯೂ ಮಾಡದ ಹಾಗೆ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಎಡಗೋಡೆಯ ಹಳೇ ತೇಪೆಯ ಮೂಲೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡಿತು. ಅಲ್ಲಿ ಸುತ್ತಿಗೆಯಲ್ಲಿ ಬಡಿದೆ, ಹೊರಗಿಂದ ಅವರು ಅದೇ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿದರು. ಚಾವಣಿಯಲ್ಲಿ ಒಂದೂ ತೂತಿಲ್ಲ. ಬಾಗಿಲ ಸುತ್ತಲೂ ಬೆಳಕಿಲ್ಲ.

ಬಾಗಿಲ ವಿಷಯದಲ್ಲಿ ಬೆಳಕಿನ ಪರೀಕ್ಷೆ ಸೋತಿತು. ರಬ್ಬರ್ ಹರಿದದ್ದನ್ನು ಕಣ್ಣಾರೆ ನೋಡಿದ್ದೆವು, ಒಳಗೆ ಮಾತ್ರ ಬೆಳಕಿನ ಗೆರೆಯೂ ಇರಲಿಲ್ಲ. ಕಾರಣ ಇಷ್ಟೇ: ರಬ್ಬರಿಗೆ ಎರಡು ಮೂರು ಮಡಿಕೆ ಇದೆ. ಬೆಳಕು ತಿರುಗಿ ಬರುವುದಿಲ್ಲ, ನೀರು ಬರುತ್ತದೆ.

ಹಾಗಾಗಿ ಪೇಪರಿನ ಪರೀಕ್ಷೆ. ಎರಡು ಬೆರಳು ಅಗಲದ ಪೇಪರ್ ಪಟ್ಟಿಯನ್ನು ರಬ್ಬರಿಗೆ ಅಡ್ಡ ಇಟ್ಟು ಬಾಗಿಲು ಬಿಗಿದು ಎಳೆಯುವುದು. ಹರಿದು ಬಂದರೆ ಬಿಗಿ ಇದೆ, ಜಾರಿ ಬಂದರೆ ಸಂದು ಇದೆ. ಅಡಿಗೊಂದು ಕಡೆ ಮಾಡುತ್ತಾ ಹೋದೆವು. ಕೆಳಗಿನ ಬಲಮೂಲೆಯಲ್ಲಿ ಬೆಣ್ಣೆಯಂತೆ ಜಾರಿ ಬಂತು. ಯಾರ್ಡಿನ ನಳ್ಳಿಗೆ ಪೈಪು ಸಿಕ್ಕಿಸಿ ಹತ್ತು ನಿಮಿಷ ಬಾಗಿಲಿಗೆ ನೀರು ಬಿಟ್ಟೆವು. ಅದೇ ಮೂಲೆಯಲ್ಲಿ ಒಳಗೆ ಒಂದು ಗೇಣು ಒದ್ದೆ. ಬೇರೆಲ್ಲೂ ಹನಿ ಇಲ್ಲ.

8. ನೆಲ ಮತ್ತು ವಾಸನೆ

ನೆಲ 28 ಮಿ.ಮೀ. ದಪ್ಪದ ಪ್ಲೈವುಡ್. ಹಿಮ್ಮಡಿ ಊರಿ ನಡೆದೆವು. ಎಲ್ಲೂ ಮೆತ್ತಗಿಲ್ಲ, ಕುಣಿಯುವುದಿಲ್ಲ. ಮೂಲೆಗಳಲ್ಲಿ ಸ್ಕ್ರೂಡ್ರೈವರ್ ಚುಚ್ಚಿದರೂ ಇಳಿಯಲಿಲ್ಲ. ನೀಲಿ ಪೆಟ್ಟಿಗೆಯಲ್ಲಿ ಇದೇ ಜಾಗದಲ್ಲಿ ಪದರ ಬಿಟ್ಟು, ರಾತ್ರಿಯ ಮಳೆಗೆ ಒದ್ದೆಯಾಗಿ ಉಬ್ಬಿತ್ತು.

ಆಮೇಲೆ ಮಂಡಿಯೂರಿ ಮೂಸಿ ನೋಡಿದೆ. ಹೌದು, ಮೂಸಲೇಬೇಕು. ಎಣ್ಣೆ, ಕೆಮಿಕಲ್ಲು, ಕೊಳೆತ ಮೀನು, ಯಾವ ವಾಸನೆ ಹಲಗೆಗೆ ಇಳಿದಿದ್ದರೂ ತೊಳೆದು ಹೋಗುವುದಿಲ್ಲ. ಹೊರಗೋಡೆಯಲ್ಲಿ ವಜ್ರಾಕಾರದ ಸ್ಟಿಕ್ಕರ್ ಕಿತ್ತ ಗುರುತು ಇದೆಯಾ ಅಂತಲೂ ನೋಡಿ. ಅಪಾಯಕಾರಿ ಸರಕು ಹೊತ್ತಾಗ ಅದನ್ನು ಅಂಟಿಸುತ್ತಾರೆ. ನಮ್ಮದರಲ್ಲಿ ಹಳೇ ಮರದ ವಾಸನೆ ಬಿಟ್ಟರೆ ಬೇರೆ ಇರಲಿಲ್ಲ, ಸ್ಟಿಕ್ಕರಿನ ಗುರುತೂ ಇರಲಿಲ್ಲ.

ಇಲ್ಲಿ ನನ್ನ ಮೂಲ ಯೋಜನೆ ಒಂದು ಬದಲಾಯ್ತು. ಜಾಗ ಉಳಿದರೆ ಅಡಿಕೆ ಮೂಟೆ ಇಡೋಣ ಅಂತ ಮನಸ್ಸಿನಲ್ಲಿತ್ತು. ಪ್ಲೇಟಿನಲ್ಲಿ ಹಲಗೆಗೆ ಕೀಟನಾಶಕ ಹಾಕಿದ ಸಾಲು ಓದಿದ ಮೇಲೆ ಅದನ್ನು ಬಿಟ್ಟೆ. ಬಾಯಿಗೆ ಹೋಗುವ ವಸ್ತುವನ್ನು ಆ ನೆಲದ ಮೇಲೆ ಇಡುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಭತ್ತ, ಕಾಳುಮೆಣಸು, ದನದ ಹಿಂಡಿ ಇಡಬೇಕು ಅಂತಿರುವವರು ಇದನ್ನು ಯೋಚಿಸಿಯೇ ಮುಂದುವರಿಯಲಿ. ಮಕ್ಕಳು ಓಡಾಡುವ ಮನೆ ಮಾಡುವುದಾದರೆ ಹಲಗೆಯನ್ನೇ ಬದಲಿಸುವ ಖರ್ಚು ಸೇರಿಸಿಕೊಳ್ಳಿ.

9. ಕಾಗದ, ಬೆಲೆ

ಹಡಗಿನಲ್ಲಿ ಬರುವ ಕಂಟೇನರಿಗೆ ದೇಶದೊಳಗೆ ಬರುವಾಗ ಸುಂಕ ಕಟ್ಟುವುದಿಲ್ಲ. ಕಸ್ಟಮ್ಸ್ ಅಧಿಸೂಚನೆಯಲ್ಲಿ, ಆರು ತಿಂಗಳೊಳಗೆ ವಾಪಸ್ ಹೊರಗೆ ಕಳಿಸುವ ಷರತ್ತಿನ ಮೇಲೆ ಆ ವಿನಾಯಿತಿ ಇದೆ. ಇಲ್ಲೇ ಮಾರಿದರೆ ಸುಂಕ ಕಟ್ಟಿರಬೇಕು. ಆದ್ದರಿಂದ ಸುಂಕ ಕಟ್ಟಿದ ಬಿಲ್ ಆಫ್ ಎಂಟ್ರಿಯ (ಆಮದಿಗೆ ಕಸ್ಟಮ್ಸಿಗೆ ಸಲ್ಲಿಸುವ ಕಾಗದ) ಪ್ರತಿ ಕೇಳಿ, ಅದರಲ್ಲಿ ನಿಮ್ಮ ಕಂಟೇನರಿನ ನಂಬರು ಇದೆಯಾ ನೋಡಿ. ಜಿಎಸ್‌ಟಿ ಬಿಲ್ಲಿನಲ್ಲೂ ಅದೇ ಪೂರ್ತಿ ನಂಬರು ಬರಲಿ. ‘ಹಳೇ ಕಂಟೇನರ್ – 1’ ಅಂತ ಸುಮ್ನೆ ಬರೆದ ಬಿಲ್ಲು ಬೇಡ. ನಾನು ಬಿಲ್ಲಿನಲ್ಲಿ ‘ವಿಂಡ್ ಅಂಡ್ ವಾಟರ್ ಟೈಟ್’ ಅಂತಲೂ ಬರೆಸಿಕೊಂಡೆ, ಬಾಗಿಲ ಮೂಲೆಯೊಂದನ್ನು ಬಿಟ್ಟು ಅಂತ ಅವರೂ ಸೇರಿಸಿದರು. ಅದು ನ್ಯಾಯವೇ.

ಬೆಲೆ ಮಾತಾಡುವಾಗ ಯಾರ್ಡಿನವರು “ಬಣ್ಣ ಹೊಡೆದದ್ದನ್ನು ಬಿಟ್ಟು ಇದನ್ನು ಯಾಕೆ ತಗೊಳ್ತೀರಿ ಸಾರ್” ಅಂದರು. “ಅದರ ಅಡಿ ಒಮ್ಮೆ ನೋಡಿ ಮಾರಾಯ್ರೇ” ಅಂದರು ವೆಲ್ಡರ್. ಫೋನಿನಲ್ಲಿದ್ದ ಫೋಟೋಗಳನ್ನು ಒಂದೊಂದಾಗಿ ತೋರಿಸಿದೆವು: ಚಾವಣಿ ತಗ್ಗು, ತೇಪೆಯ ತೂತು, ರಬ್ಬರ್. ಜಿಎಸ್‌ಟಿ ಸೇರಿ 1,22,000ಕ್ಕೆ ಮುಗಿಯಿತು.

10. ಸಾಗಣೆ (ಏಪ್ರಿಲ್ ಕೊನೆ)

ದುಡ್ಡು ಪೂರ್ತಿ ಕೊಡುವ ಮೊದಲು, ಲಾರಿಗೆ ಏರಿಸುವ ದಿನ ನಾನೇ ಹೋಗಿ ನಿಂತೆ. ಹೈಡ್ರಾ ಎತ್ತಿ ಟ್ರೇಲರಿನ ಮೇಲೆ ಇಟ್ಟದ್ದು ಕಂದು ಬಣ್ಣದ ಬೇರೊಂದು ಪೆಟ್ಟಿಗೆ. ನೋಡಲು ಎರಡೂ ಒಂದೇ ತರ. ನಂಬರು ಬೇರೆ, ಚಾವಣಿಯಲ್ಲಿ ನಮ್ಮ ಸೀಮೆಸುಣ್ಣದ ಸುತ್ತೂ ಇಲ್ಲ. ಬಿಲ್ಲು ಹಿಡಿದು ತೋರಿಸಿದೆ. ಇಳಿಸಿ ನಮ್ಮದನ್ನು ಏರಿಸಿದರು. ಗೊತ್ತಿದ್ದು ಮಾಡಿದರೋ ಗೊತ್ತಿಲ್ಲದೆ ಆಯ್ತೋ, ಮನೆಯಲ್ಲಿ ಕೂತಿದ್ದರೆ ನೋಡದ ಪೆಟ್ಟಿಗೆ ಬಂದಿಳಿಯುತ್ತಿತ್ತು.

ಖಾಲಿ ತೂಕ ಸುಮಾರು 2.2 ಟನ್. ಎತ್ತುವಾಗ ಸರಪಳಿ ಉದ್ದವಿರಲಿ. ಗಿಡ್ಡ ಸರಪಳಿ ಹಾಕಿದರೆ ಮೂಲೆಗಳನ್ನು ಒಳಕ್ಕೆ ಎಳೆದು ಮೇಲಿನ ರೈಲು ಬಾಗುತ್ತದೆ. ನಂತೂರು, ಬಿ.ಸಿ. ರೋಡ್, ಮಾಣಿ ದಾರಿಯಲ್ಲಿ ಏನೂ ತೊಂದರೆ ಆಗಲಿಲ್ಲ. ಹೈವೇ ಬಿಟ್ಟ ಮೇಲೆ ನಮ್ಮ ರಸ್ತೆಯ ಕರೆಂಟು ತಂತಿಯ ಎತ್ತರ ಮೊದಲೇ ಲೈನ್‌ಮ್ಯಾನ್ ಹತ್ತಿರ ಕೇಳಿಟ್ಟಿದ್ದೆ. ಟ್ರೇಲರಿನ ಎತ್ತರ ಸೇರಿ 4 ಮೀಟರ್ ದಾಟುತ್ತದೆ.

11. ಕಂಬ ಮತ್ತು ಬಾಗಿಲು ಸಿಕ್ಕಿಕೊಂಡದ್ದು

ನಾಲ್ಕು ಮೂಲೆಗೆ ನಾಲ್ಕು ಕಾಂಕ್ರೀಟ್ ಕಂಬ ಸಾಕು, ನೆಲಕ್ಕೆ ಪೂರ್ತಿ ಕಾಂಕ್ರೀಟ್ ಬೇಡ. ನೆಲದಿಂದ ಒಂದೂವರೆ ಅಡಿ ಎತ್ತರಿಸಿದೆ, ಅಡಿಗೆ ಗಾಳಿ ಆಡಬೇಕು. ಮೂಲೆಗಟ್ಟಿಗಳ ತೂತಿನ ನಡುವಿನಿಂದ ನಡುವಿಗೆ ಉದ್ದ 5,853 ಮಿ.ಮೀ., ಅಗಲ 2,259. ಕರ್ಣ 6,274 ಬಂದರೆ ಕಂಬಗಳು ಮೂಲೆಮಟ್ಟಕ್ಕೆ ಇವೆ ಅಂತ ಅರ್ಥ. ಮೇಸ್ತ್ರಿಗೆ ಈ ಮೂರು ಅಂಕಿ ಬರೆದುಕೊಟ್ಟಿದ್ದೆ. ಜಾಗ ಸರಿಯಾಗಿಯೇ ಬಂತು.

ಎತ್ತರ ಬರಲಿಲ್ಲ. ಹಿಂದಿನ ಎಡಕಂಬ 12 ಮಿ.ಮೀ. ತಗ್ಗು. ಯಾರ್ಡಿನಲ್ಲಿ ಸಲೀಸಾಗಿ ಬಂದ ಬಲಬಾಗಿಲು ಇಲ್ಲಿ ಜಗ್ಗಿದರೂ ಬರಲಿಲ್ಲ, ಮೇಲಂಚು ಉಜ್ಜಿ ನಿಂತಿತು. ಹೈಡ್ರಾದವರು ಇನ್ನೂ ಇದ್ದದ್ದು ಒಳ್ಳೆಯದಾಯ್ತು. ಆ ಮೂಲೆಯನ್ನು ಸ್ವಲ್ಪ ಎತ್ತಿಸಿ 6 ಮಿ.ಮೀ. ದಪ್ಪದ ಎರಡು ಉಕ್ಕಿನ ತುಂಡು ತೂರಿಸಿದೆವು. ಬಾಗಿಲು ಮೊದಲಿನ ಹಾಗೆ ಬಂತು. ಯಾರ್ಡಿನಲ್ಲೂ ಇದು ನೆನಪಿರಲಿ. ಬಾಗಿಲು ಬಿಗಿ ಇದ್ದರೆ ಮೊದಲು ಕೆಳಗಿನ ಸ್ಲೀಪರ್ ಸಮ ಇದೆಯಾ ನೋಡಿ. ತಪ್ಪು ನೆಲದ್ದೂ ಇರಬಹುದು. ಕರ್ಣವನ್ನು ಸಮ ಮಾಡಿಸಿ ಅಳೆದರೆ ಮಾತ್ರ ನಿಜ ಗೊತ್ತಾಗುತ್ತದೆ.

12. ಖರ್ಚು

ಕಂಟೇನರ್ 1,22,000
ಯಾರ್ಡಿನಲ್ಲಿ ಏರಿಸಿದ್ದು 2,500
ಟ್ರೇಲರ್ 11,000
ಇಲ್ಲಿ ಹೈಡ್ರಾ 6,000
ಕಂಬ 9,400
ವೆಲ್ಡರಿನ ದಿನದ ಸಂಬಳ 1,500
ತೇಪೆ 1,200
ಬಾಗಿಲ ರಬ್ಬರ್ 1,800
ಪ್ರೈಮರ್, ಬಣ್ಣ 4,300
ಒಟ್ಟು 1,59,700 ರೂಪಾಯಿ

13. ಮಳೆ ಬಂದ ಮೇಲೆ (ಜೂನ್–ಸೆಪ್ಟೆಂಬರ್)

ಹೊರಗಿನ ನೀರು ಒಂದು ಹನಿಯೂ ಒಳಗೆ ಬರಲಿಲ್ಲ. ಒಳಗಿನ ಬೆವರು ಬಂತು. ಜುಲೈಯಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ಚಾವಣಿಯ ಒಳಮೈಯಲ್ಲಿ ಹನಿಗಳ ಸಾಲು, ಸುತ್ತಿಗೆಯ ತಲೆಗೆ ತುಕ್ಕಿನ ಪುಡಿ. ಗೋಡೆಯ ಮೇಲಂಚಿನಲ್ಲಿ ಗಾಳಿಗೆ ಸಣ್ಣ ಕಿಂಡಿ ಇರುತ್ತದೆ. ಹತ್ತಿ ನೋಡಿದರೆ ಎರಡಕ್ಕೂ ಒಳಗಿಂದ ಟೇಪು ಅಂಟಿಸಿತ್ತು. ವಿಷದ ಹೊಗೆ ಹಾಕುವಾಗ ಹಾಗೆ ಮುಚ್ಚಿ, ತೆಗೆಯದೆ ಬಿಡುತ್ತಾರೆ. ಯಾರ್ಡಿನಲ್ಲಿ ನೋಡಬೇಕಾದ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ. ಟೇಪು ಕಿತ್ತ ಮೇಲೆ ಹನಿ ಕಮ್ಮಿಯಾಯ್ತು, ಪೂರ್ತಿ ನಿಲ್ಲಲಿಲ್ಲ. ಆ ಕಿಂಡಿ ನಮ್ಮ ಮಳೆಗಾಲಕ್ಕೆ ಸಾಲದು. ಕೀಲೆಣ್ಣೆ ಹಚ್ಚಿದ ಹತ್ಯಾರುಗಳನ್ನು ಗೋಡೆಗೆ ತಾಗದ ಹಾಗೆ ಮರದ ಕಪಾಟಿನಲ್ಲಿ ಇಟ್ಟಿದ್ದೇನೆ.

ಬಾಕಿ ಎರಡು ಕೆಲಸ. ಎದುರುಬದುರು ಗೋಡೆಗಳಲ್ಲಿ ಒಂದು ಕೆಳಗೆ, ಒಂದು ಮೇಲೆ ಬರುವಂತೆ ಜಾಲರಿ ಹಾಕಿದ ದೊಡ್ಡ ಕಿಂಡಿ ಕೊರೆಸಬೇಕು. ಡಿಸೆಂಬರಿನಲ್ಲಿ ಅಡಿಕೆ ಕೊಯ್ಲಿನ ಮಧ್ಯೆ ವೆಲ್ಡರ್ ಸಿಕ್ಕಿದರೆ ಚಾವಣಿಯ ತಗ್ಗನ್ನು ಒಳಗಿಂದ ಜಾಕಿ ಕೊಟ್ಟು ಎತ್ತಿಸಿ, ಕೆರೆದು, ಪ್ರೈಮರ್ ಹೊಡೆಸಬೇಕು. ಅದರ ಖರ್ಚು ಆದ ಮೇಲೆ ಮೇಲಿನ ಪಟ್ಟಿಗೆ ಸೇರಿಸುತ್ತೇನೆ.